ಸೂಲಗಿತ್ತಿಯ ಕೆಮ್ಮು

ಔಷಧಿ ಅಂಗಡಿಯವನು ದಿನಾ ರೋಗಿಗಳನ್ನು ನೋಡುತ್ತಾನೆ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಅಜ್ಜಂಪುರದ ನಮ್ಮ ಅಂಗಡಿಗೆ ಬರುತ್ತಿದ್ದದ್ದು ರೋಗಿಗಳಲ್ಲ, ಅವರ ಸೀಸೆಗಳು. ಸಂತೆ ದಿನ ಹಳ್ಳಿಯಿಂದ ಒಬ್ಬರು ಹೊರಟರೆ ಸಾಕು, ಓಣಿಯವರೆಲ್ಲ ಅವರ ಚೀಲಕ್ಕೆ ಖಾಲಿ ಸೀಸೆ ಹಾಕಿ ಕಳಿಸುತ್ತಿದ್ದರು. ಓದು ಬಾರದವರಿಗೆ ಆ ಸೀಸೆಯೇ ಚೀಟಿ. "ಇದ್ರಲ್ಲಿ ಏನಿತ್ತೋ ಅದೇ ಕೊಡಿ ಸ್ವಾಮಿ" ಅನ್ನುವರು. ನಾನು ಬಿರಡೆ ತೆಗೆದು ಮೂಸಿ, ಹೊಟ್ಟೆನೋವಿನದೋ ಕೆಮ್ಮಿನದೋ ತಿಳಿದುಕೊಂಡು, ತೊಳೆದು, ತುಂಬಿ, ಹೊರಮೈಗೆ ಗುಟುಕಿನ ಅಳತೆಯ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ತರೀಕೆರೆಯವನು. ಸಾಹುಕಾರರು ಅಂಗಡಿಯ ಹಿಂದಿನ ಕೋಣೆಯನ್ನು ಇರಲು ಬಿಟ್ಟುಕೊಟ್ಟಿದ್ದರು. ಊಟ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ. ಮದುವೆಯಾಗಿರಲಿಲ್ಲ, ಆಗುವ ಸೂಚನೆಯೂ ಇರಲಿಲ್ಲ. ಹಗಲೆಲ್ಲ ಕೌಂಟರಿನ ಮುಂದೆ ಜನ, ಬಾಗಿಲು ಎಳೆದ ಮೇಲೆ "ಉಂಡ್ಯಾ?" ಅಂತ ಕೇಳುವ ಒಂದು ನರಪಿಳ್ಳೆಯೂ ಇಲ್ಲ. ಒಂದೊಂದು ದಿನ ಸಂಜೆ ನಾನು ನನಗೇ ಏನಾದರೂ ಜೋರಾಗಿ ಹೇಳಿಕೊಂಡು, ಗಂಟಲು ಸರಿಯಿದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದೆ.

ಹಾಗೆ ಬರುತ್ತಿದ್ದ ಸೀಸೆಗಳಲ್ಲಿ ಒಂದು ನೀಲಿ ಗಾಜಿನದು, ಹಳೆಯ ಹರಳೆಣ್ಣೆ ಸೀಸೆ, ಕುತ್ತಿಗೆಯ ಹತ್ತಿರ ಚೂರು ಒಡೆದದ್ದು. ಒಂದು ಸಂತೆಗೆ ಅದನ್ನು ಮುದುಕನೊಬ್ಬ ತಂದ. ಮುಂದಿನ ಸಂತೆಗೆ ಈರುಳ್ಳಿ ಗಾಡಿ ಹೊಡೆದುಕೊಂಡು ಬಂದವನು ತಂದ. ಆಮೇಲೆ ಬಳೆ ತೊಟ್ಟುಕೊಳ್ಳಲು ಬಂದ ಹೆಂಗಸು. ಯಾರಿಗೆ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ನಮ್ಮ ಸೂಲಗಿತ್ತಮ್ಮಂಗೆ."

ಶಿವನಿ ಸ್ಟೇಷನ್ನಿನಿಂದ ಆಚೆ ಒಂದು ಹಳ್ಳಿ. ಆ ಹಳ್ಳಿಯ, ಸುತ್ತಲಿನ ಹಟ್ಟಿಗಳ ಹೆರಿಗೆಗಳೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದದ್ದು. ಗಂಡ ಎಂದೋ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅವಳ ಕೆಲಸವೆಂದರೆ ಜನ ನಾ ಮುಂದು ತಾ ಮುಂದು ಅಂತ ಬರುತ್ತಿದ್ದರು. ಅವಳ ಸೀಸೆ ಹೊತ್ತು ತರುವುದೇ ಒಂದು ಮರ್ಯಾದೆ. ಯಾರಿಗೂ ಅನುಮಾನ ಬಾರದೆ ಇದ್ದದ್ದೂ ಅದಕ್ಕೇ. ಒಬ್ಬೊಬ್ಬರು ಒಂದೊಂದು ಸಲ ತಂದವರು. ಅವರ ಲೆಕ್ಕದಲ್ಲಿ ಅವಳಿಗೆ ಒಂದು ಸಲ ಕೆಮ್ಮಾಗಿತ್ತು, ಅಷ್ಟೇ. ಅದನ್ನು ಅಷ್ಟೂ ಸಲ ತುಂಬಿದವನು ನಾನೊಬ್ಬನೇ. ದೀಪಾವಳಿಯ ಹೊತ್ತಿಗೆ ಶುರುವಾದದ್ದು ಶಿವರಾತ್ರಿ ಕಳೆದರೂ ನಿಂತಿರಲಿಲ್ಲ. ಚಳಿಯ ಕೆಮ್ಮು ಶಿವರಾತ್ರಿಗೆ ಶಿವಶಿವಾ ಅಂತ ಹೋಗಬೇಕು. ಹೋಗದಿದ್ದರೆ ಅದು ಚಳಿಯದಲ್ಲ.

ಒಂದು ಸಂತೆಯಲ್ಲಿ ಸೀಸೆಯನ್ನು ತುಂಬದೆ ವಾಪಸು ಕೊಟ್ಟೆ. "ಈ ಔಷಧಿ ಸಾಕು. ಅವರಿಗೇ ಒಂದ್ಸಲ ಆಸ್ಪತ್ರೆಗೆ ಬಂದು ತೋರಿಸ್ಕೊಳ್ಳೋಕೆ ಹೇಳಿ" ಎಂದೆ. ತಂದಿದ್ದ ಹೆಂಗಸಿಗೆ ರೇಗಿಹೋಯಿತು. "ನಮ್ಮಮ್ಮಂಗೆ ಔಷಧಿ ಇಲ್ಲ ಅಂತೀಯೇನಯ್ಯಾ? ನೀನೇನು ಪುಕ್ಕಟೆ ಕೊಡ್ತಿದ್ದಾ?" ಎಂದು ಸೀಸೆ ಕಸಿದುಕೊಂಡು ಎದುರಿನ ಅಂಗಡಿಗೆ ಹೋದಳು. ಅಲ್ಲಿ ತುಂಬಿಕೊಟ್ಟರು. ಕೊಡದೆ ಇನ್ನೇನು? ಸಾಹುಕಾರರ ಈರುಳ್ಳಿ ಮಂಡಿ ಪಕ್ಕದಲ್ಲೇ ಇತ್ತು. ಸುದ್ದಿ ಹೋಗಲು ಹೊತ್ತಾಗಲಿಲ್ಲ. ಹಣೆ ತುಂಬ ವಿಭೂತಿಯ, ಕೆಟ್ಟ ಮಾತಾಡದ ಮನುಷ್ಯ ಅವರು. ಬಂದವರೇ, "ಔಷಧಿ ಮಾರೋನು ಔಷಧಿ ಮಾರ್ಬೇಕು ಕಣಯ್ಯಾ. ಡಾಕ್ಟ್ರ ಕೆಲ್ಸ ಡಾಕ್ಟ್ರಿಗೆ ಬಿಡು" ಎಂದು ಹೇಳಿ ಹೋದರು.

ನೀಲಿ ಸೀಸೆ ಬರುವುದು ನಿಂತಿತು. ನನಗೋ ಮಾಡಿದ್ದು ಸರಿ ಅನ್ನಿಸಲಿಲ್ಲ. ಅವಳ ಸುದ್ದಿ ತರುತ್ತಿದ್ದ ಒಂದೇ ಎಳೆಯನ್ನೂ ನಾನೇ ಕಡಿದುಕೊಂಡಿದ್ದೆ.

ಆಮೇಲೊಂದು ದಿನ ಅದೇ ಹಳ್ಳಿಯ ರೈತನೊಬ್ಬ, ಇನ್ನೂ ಎಳೆಯ ವಯಸ್ಸಿನವನು, ಹೆಂಡತಿಗೆ ಟಾನಿಕ್ ತೆಗೆದುಕೊಳ್ಳಲು ಬಂದ. ಅವಳಿಗೆ ಚೊಚ್ಚಲು, ತಿಂಗಳು ತುಂಬುತ್ತಿತ್ತು. ಸೂಲಗಿತ್ತಮ್ಮ ಹೇಗಿದ್ದಾರೆ ಅಂತ ಕೇಳಿದೆ. "ಉಷ್ಣ ಆಗೈತಂತೆ ಕಣ್ರೀ. ಕೆಮ್ಮಿದ್ರೆ ಕಫದಲ್ಲಿ ನೆತ್ರ ಬತ್ತದೆ. ರಾಗಿ ಅಂಬ್ಲಿ ಕುಡ್ಕೊಂಡವ್ಳೆ" ಎಂದ. ಆಮೇಲೆ ನಕ್ಕು, "ನಮ್ಮನೆ ಹೆರಿಗೆ ಹೊತ್ಗೆ ಗುಂಡ್ಕಲ್ಲಾಗಿರ್ತಾಳೆ ಬಿಡಿ. ನನ್ನ ಹಿಡ್ದೋಳೂ ಅವ್ಳೇ, ನನ್ನ ಮಗೂನ ಹಿಡಿಯೋಳೂ ಅವ್ಳೇ" ಎಂದ.

ಅವನು ಹೋದ ಮೇಲೆ ಕುಳಿತಲ್ಲಿ ಕೂರಲಾಗಲಿಲ್ಲ. ಅವಳ ಕೈಯಲ್ಲಿ ಹುಟ್ಟುವ ಕೂಸಿಗೆ ಮೊದಲ ಉಸಿರು ಊದುವವಳೂ ಅವಳೇ. ಅಳದ ಮಗುವಿನ ಬಾಯಿಗೆ ಬಾಯಿಟ್ಟು ಊದುವುದು ನಮ್ಮ ಕಡೆಯ ಸೂಲಗಿತ್ತಿಯರ ರೂಢಿ.

ಅಜ್ಜಂಪುರದ ಸರ್ಕಾರಿ ಡಾಕ್ಟರ ಹತ್ತಿರ ಹೋಗಿ ಹೇಳಿದೆ. ಅವರು ನಗಲಿಲ್ಲ, ಅದೇ ದೊಡ್ಡದು. "ಅವರು ಬರದಿದ್ದರೆ ಕಫ ತನ್ನಿ. ಬೆಳಗ್ಗೆ ಎದ್ದ ತಕ್ಷಣದ್ದು, ಎದೆಯಿಂದ ಬಂದದ್ದು ಆಗಬೇಕು, ಎಂಜಲಲ್ಲ" ಎಂದು ಒಂದು ಅಗಲ ಬಾಯಿಯ ಮುಚ್ಚಳದ ಡಬ್ಬಿಯನ್ನೂ ಒಂದು ಚೀಟಿಯನ್ನೂ ಕೊಟ್ಟರು. ನಮ್ಮ ತಾಲೂಕು ತರೀಕೆರೆ. ಆದರೆ ಶಿವನಿಯಿಂದ ಬರುವ ರೈಲು ಹೋಗುವುದು ಬೀರೂರಿನ ಕಡೆ. ಅಲ್ಲಿಂದ ಕಡೂರು ಹತ್ತಿರ. ಕಡೂರಿನ ಲ್ಯಾಬಿನಲ್ಲಿ ನೋಡಿಸಿ ಎಂದರು.

ಸಂತೆಗೆ ಬಂದವರ ಕೈಯಲ್ಲಿ ಡಬ್ಬಿ ಕಳಿಸಿ, ಮುಂದಿನ ವಾರ ತರಿಸಿಕೊಳ್ಳೋಣ ಎಂಬುದು ನನ್ನ ಎಣಿಕೆ. ಎಂಥ ಮಂಕು! ಸೀಸೆಯನ್ನು ನಾ ಮುಂದು ತಾ ಮುಂದು ಅಂತ ತರುತ್ತಿದ್ದವರೇ ಡಬ್ಬಿ ಕಂಡು ಕೈ ಹಿಂದಕ್ಕೆ ಎಳೆದುಕೊಂಡರು. "ಥೂ, ಕಫಾನಾ? ಒಬ್ರ ಉಗುಳ ಇನ್ನೊಬ್ರು ಹೊರೋದುಂಟಾ ಸ್ವಾಮಿ? ಚೀಲದಲ್ಲಿ ದೇವ್ರ ಕಾಯಿ ಐತೆ." ನಮ್ಮ ಜನರಲ್ಲಿ ಔಷಧಿ ಊರಿನಿಂದ ಹಳ್ಳಿಗೆ ಎಷ್ಟು ಕೈ ಬೇಕಾದರೂ ದಾಟಿ ಹೋದೀತು, ಎಂಜಲು ಹಳ್ಳಿಯಿಂದ ಊರಿಗೆ ಒಂದು ಕೈಯನ್ನೂ ದಾಟದು. ನಾನೇ ಹೋಗಬೇಕು. ಹೋಗುವುದೆಂದು ನಿಶ್ಚಯಿಸಿದೆ. ಯಾರಿಗೂ ಹೇಳಲಿಲ್ಲ, ಹೇಳಲು ಯಾರಿದ್ದರು?

ವಾರದ ರಜೆಯ ದಿನ ಬೆಳಗಿನ ಪ್ಯಾಸೆಂಜರ್ ಹತ್ತಿ ಶಿವನಿಯಲ್ಲಿ ಇಳಿದು ಹೊಲಗಳ ನಡುವೆ ನಡೆದೆ. ಅವಳು ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಸಣಕಲು ಮೈ, ದೊಡ್ಡ ಕೈಗಳು. ಔಷಧಿ ಅಂಗಡಿಯವನು ಅಂತ ಹೇಳಿಕೊಂಡೆ.

"ಓಹೋ, ಔಷಧಿ ಕೊಡಲ್ಲ ಅಂದೋನು ನೀನೇಯೋ? ಬಾ, ಕೂತ್ಕೋ. ನಿನ್ನ ಔಷಧಿ ಎದ್ರಿನವನದ್ದಕ್ಕಿಂತ ಸಿಹಿ ಇತ್ತು, ಅದಕ್ಕೋಸ್ಕರ ಕ್ಷಮಿಸಿದೀನಿ" ಎಂದಳು.

ಬಂದ ಕೆಲಸ ಹೇಳಿದೆ. ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು. "ಅಲ್ಲಪ್ಪಾ, ಮನೆಗೆ ಬಂದೋರು ಮಜ್ಜಿಗೆ ಕೇಳ್ತಾರೆ, ನೀನು ಉಗುಳು ಕೇಳ್ತೀಯಲ್ಲೋ!" ನನಗೂ ನಗು ಬಂತು. ಆದರೆ ಅವಳು ದಡ್ಡಿಯಲ್ಲ. ನಗು ಮುಗಿದ ಮೇಲೆ, "ಆ ಕಾಯ್ಲೇನಾ?" ಎಂದು ಮೆಲ್ಲಗೆ ಕೇಳಿದಳು. ನೋಡದೆ ಹೇಳಲಾಗದು ಎಂದೆ. ಡಬ್ಬಿ ಕೊಟ್ಟು, ಬೆಳಗ್ಗೆ ಎದ್ದ ಕೂಡಲೆ ಎದೆಯಿಂದ ಕೆಮ್ಮಿ ತುಂಬಿಡಬೇಕು, ಮರುದಿನ ಮೊದಲ ರೈಲಿಗೇ ಬಂದು ಒಯ್ಯುತ್ತೇನೆ ಎಂದು ಎರಡೆರಡು ಸಲ ಬಿಡಿಸಿ ಹೇಳಿ ಬಂದೆ.

ಮರುದಿನ ಡಬ್ಬಿ ಹೊಸಿಲ ಪಕ್ಕದಲ್ಲಿ ಬಟ್ಟೆ ಸುತ್ತಿಕೊಂಡು ಸಿದ್ಧವಾಗಿತ್ತು. ಬೀರೂರಿನ ಕಡೆಯ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಎದುರಿಗಿದ್ದ ಅಜ್ಜ, "ತಿಂಡಿಯೇನಪ್ಪಾ? ಬಿಚ್ಚು, ಹೊತ್ತಾಯ್ತು" ಅಂದ. "ಬೇರೆಯವರದ್ದು ಅಜ್ಜಾ" ಎಂದು ಹೇಳಿ ಬಾಗಿಲ ಹತ್ತಿರ ಹೋಗಿ ನಿಂತೆ. ಕಡೂರಿನವರೆಗೂ ನಿಂತೇ ಹೋದೆ.

ಲ್ಯಾಬಿನವನು ಮುಚ್ಚಳ ತೆಗೆದವನೇ ತಲೆ ಎತ್ತಿದ. "ಏನ್ರೀ ಇದು? ಒಲೆ ಬೂದಿ ತಂದಿದೀರಾ?" ನೋಡಿದರೆ ಡಬ್ಬಿಯ ತುಂಬ ನುಣ್ಣಗೆ ಜರಡಿ ಹಿಡಿದ ಬೂದಿ. ಪಾಪ, ಅವಳ ತಪ್ಪಲ್ಲ. ನಮ್ಮ ಹಳ್ಳಿಗಳಲ್ಲಿ ಉಗುಳಿದ್ದರ ಮೇಲೆ, ಕಾರಿಕೊಂಡದ್ದರ ಮೇಲೆ ಬೂದಿ ಮುಚ್ಚದೆ ಬಿಟ್ಟವಳು ಹೆಂಗಸೇ ಅಲ್ಲ. ಬಾಣಂತನದ ಮನೆಯಲ್ಲಿ ಬೂದಿಯಿಲ್ಲದೆ ಅವಳ ಕೆಲಸವೇ ಸಾಗದು. ಪರವೂರಿನವನ ಕೈಗೆ ತನ್ನ ಹೊಲಸನ್ನು ಹಾಗೇ ಕೊಡಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಸ್ಲೈಡಿನ ಮೇಲೆ ಬೂದಿ ಬಿಟ್ಟು ಬೇರೇನೂ ಕಾಣದು ಎಂದು ಲ್ಯಾಬಿನವನು ಹೊಸ ಡಬ್ಬಿ ಕೊಟ್ಟ. ಅಂಗಡಿ ಅಂದು ಮಧ್ಯಾಹ್ನದವರೆಗೆ ಮುಚ್ಚಿತ್ತು. ಸಾಹುಕಾರರು ಬಂದು ಬೀಗದ ಕೈಯನ್ನು ನನ್ನ ಮುಂದೆ ಇಟ್ಟು ಹೋದರು. ಬೈದಿದ್ದರೆ ವಾಸಿಯಿತ್ತು.

ಎರಡನೆಯ ಸಲ ನಾನು ಅವಳ ಅಂಗಳದಲ್ಲೇ ಬೆನ್ನು ತಿರುಗಿಸಿ ನಿಂತೆ. "ಬೂದಿ ಹಾಕಬೇಡಿ, ನೀರು ಹಾಕಬೇಡಿ, ಏನೂ ಹಾಕಬೇಡಿ" ಎಂದೆ. ಅವಳು ಹಿತ್ತಲಿಗೆ ಹೋಗಿ ಕೆಮ್ಮತೊಡಗಿದಳು. ಅಷ್ಟು ತಿಂಗಳು ನಾನು ಮಿಕ್ಸ್ಚರ್ ತುಂಬಿದ್ದು ಈ ಕೆಮ್ಮಿಗೆ; ಕಿವಿಯಾರೆ ಕೇಳಿದ್ದು ಅಂದೇ. ನಿಲ್ಲುತ್ತದೆ ಅಂದುಕೊಂಡಾಗಲೆಲ್ಲ ಮತ್ತೆ ಶುರುವಾಗುತ್ತಿತ್ತು. ನನಗೆ ಅಳು ಬಂತು. ಯಾರ ಮನೆಯ ಅಂಗಳದಲ್ಲೋ ನಿಂತು ಹೀಗೆ ಅಳುವುದು ಏನು ಚೆಂದ ಅಂತ ಕಣ್ಣೊರೆಸಿಕೊಂಡೆ.

ಲ್ಯಾಬಿನವನು ಸಂಜೆಯ ಹೊತ್ತಿಗೆ ನನ್ನನ್ನು ಒಳಗೆ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದ. ನೀಲಿಯ ನಡುವೆ ಕೆಂಪು ಕಡ್ಡಿಗಳಂಥ ಕ್ರಿಮಿಗಳು. "ತುಂಬಾ ಇವೆ" ಎಂದ.

ಅವಳಿಗೆ ಹೇಳುವ ಕೆಲಸವೂ ನನಗೇ ಬಂತು. ಕ್ಷಯ ಎಂಬ ಮಾತು ಕೇಳಿ ಅವಳು ಹೆದರಲಿಲ್ಲ. "ಕೂಸಿಗೆ ತಗಲ್ತದಾ?" ಎಂದು ಮಾತ್ರ ಕೇಳಿದಳು. "ತಗಲಬಹುದು. ಇಂಜೆಕ್ಷನ್ ತಗೊಂಡು, ಕಫ ಶುದ್ಧವಾಗೋ ತನಕ ಕೂಸು ಮುಟ್ಟಬಾರದು, ಬಾಣಂತಿ ಮನೆಗೆ ಹೋಗಬಾರದು" ಎಂದೆ. ತನ್ನೆರಡು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದಳು. ಆಮೇಲೆ, "ಊರಿಗೆ ಹೇಳ್ಬೇಡ ಕಣಪ್ಪಾ. ನಂಗೆ ಈ ಕಾಯ್ಲೆ ಅಂತ ಗೊತ್ತಾದ್ರೆ, ನಾಳೆ ವಾಸಿ ಆದ್ರೂ ಯಾವಳೂ ನನ್ನ ಕೈಗೆ ಕೂಸು ಕೊಡಲ್ಲ. ನಾನು ಹೋಗಲ್ಲ ಯಾವ ಹೆರಿಗೆಗೂ, ನನ್ನಾಣೆ. ನೀನೂ ಬಾಯಿ ಬಿಡಬಾರ್ದು" ಎಂದಳು. ಮಾತು ಕೊಟ್ಟೆ.

ಮಾತ್ರೆ, ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ನು ಎರಡೂ ಆಸ್ಪತ್ರೆಯಲ್ಲೇ ಸಿಗುತ್ತಿದ್ದವು; ಆದರೆ ಇಂಜೆಕ್ಷನ್ ದಿನಾ ಹಾಕಿಸಿಕೊಳ್ಳಬೇಕು. ಅವಳು ದಿನಾ ಬೆಳಗ್ಗೆ ರೈಲು ಹತ್ತಿ ಅಜ್ಜಂಪುರಕ್ಕೆ ಬರತೊಡಗಿದಳು. ಊರಿಗೆ ಹೇಳಿದ ನೆಪ ಮಂಡಿನೋವು. ಇಂಜೆಕ್ಷನ್ ಆದ ಮೇಲೆ ಮಧ್ಯಾಹ್ನದ ರೈಲಿನವರೆಗೆ ನಮ್ಮ ಅಂಗಡಿಯ ಹೊರ ಜಗಲಿಯಲ್ಲಿ, ಬಿಸಿಲಿಗೆ, ಸೆರಗು ಬಾಯಿಗೆ ಅಡ್ಡ ಹಿಡಿದು ಕೂರುವಳು. ನಾನು ಒಳಗೆ, ಅವಳು ಹೊರಗೆ. ಯಾರೂ ಗಿರಾಕಿಯಿಲ್ಲದಾಗ ಮಾತು. "ನಿಂಗ್ಯಾಕೋ ಇನ್ನೂ ಮದ್ವೆ ಇಲ್ಲ?" ಅನ್ನುವಳು. "ಯಾರೂ ಕೊಟ್ಟಿಲ್ಲ" ಅಂದರೆ, "ಕೊಡ್ತಾರೆ ಬಿಡು, ಉಗುಳು ಹೊರೋ ಗಂಡು ಎಲ್ಲಿ ಸಿಕ್ತದೆ!" ಎಂದು ನಗಲು ಹೋಗಿ ಕೆಮ್ಮುವಳು. ಖಾನಾವಳಿಯವನಿಗೆ ನಾನು ಶಿವನಿಗೆ ಓಡಾಡಿದ ಸುದ್ದಿ ಮುಟ್ಟಿತ್ತು. "ಏನಪ್ಪಾ, ಆ ಕಡೆ ಹೆಣ್ಣು ನೋಡಿದೀಯಂತೆ?" ಎಂದು ದಿನಾ ಚೇಷ್ಟೆ. ಹೌದು ಅಂದುಬಿಟ್ಟೆ. ನಿಜ ಹೇಳುವಂತಿರಲಿಲ್ಲವಲ್ಲ.

ಇಂಜೆಕ್ಷನ್ ಶುರುವಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಒಂದು ದಿನ ಅವಳು ಬರಲಿಲ್ಲ. ಮರುದಿನ ಬಂದಾಗ ಮುಖ ನೋಡಲಾಗದಂತಿತ್ತು. ಏನಾಯಿತೆಂದು ನನಗೆ ಹೇಳಿದವನು ಆ ಎಳೆಯ ರೈತ. ಅವಳು ರೈಲಿಗೆ ಹೋದ ಮೇಲೆ ಅಂಗಡಿಗೆ ನುಗ್ಗಿದ. ಹೆಂಡತಿಯನ್ನು ಅಜ್ಜಂಪುರದ ಆಸ್ಪತ್ರೆಯಲ್ಲಿ ಮಲಗಿಸಿದ್ದನಂತೆ, ಬಾಣಂತಿಗೆ ಬರೆದುಕೊಟ್ಟ ಔಷಧಿ ಬೇಕಿತ್ತು.

"ನೋವು ಶುರುವಾಯ್ತು, ಓಡ್ಹೋಗಿ ಅವಳ ಬಾಗ್ಲು ತಟ್ಟಿದೆ ಕಣ್ರೀ. ಬಾಗ್ಲೇ ತೆಗೀಲಿಲ್ಲ! ಒಳ್ಗಿಂದ್ಲೇ, 'ಮಂಡಿ ನೋವು, ಆಸ್ಪತ್ರೆಗೆ ಕರ್ಕೊಂಡೋಗು' ಅಂತಾಳೆ. ನಮ್ಮವ್ವ ಹೋಗಿ ಹೊಸಿಲಿಗೆ ಹಣೆ ಹಚ್ಚಿದ್ಲು. ಆದ್ರೂ ಬರ್ಲಿಲ್ಲ. ದಿನಾ ರೈಲು ಹತ್ತೋಕೆ ಮಂಡಿನೋವಿಲ್ಲ, ನಮ್ಮನೆ ಬಾಗ್ಲಿಗೆ ಬರೋಕೆ ಮಂಡಿನೋವು! ಗಾಡಿ ಕಟ್ಕೊಂಡು ಬರೋವತ್ಗೆ ನನ್ನ ಹೆಂಡ್ತಿ ಜೀವ ಬಾಯಿಗೆ ಬಂದಿತ್ತು. ಸೊಕ್ಕು ಕಣ್ರೀ ಅವ್ಳಿಗೆ, ಸೊಕ್ಕು."

ನಿಜ ನನ್ನ ನಾಲಿಗೆಯ ತುದಿಯವರೆಗೆ ಬಂತು. ನುಂಗಿದೆ. "ತಾಯಿ ಮಗು ಹೇಗಿದ್ದಾರೆ?" ಎಂದೆ. ಗಂಡು ಮಗು, ಇಬ್ಬರೂ ಚೆನ್ನಾಗಿದ್ದರು. ಔಷಧಿ ಕಟ್ಟಿ ಕೊಟ್ಟೆ. ಅವಳ ಪರವಾಗಿ ಒಂದೇ ಒಂದು ಮಾತಾಡಬಲ್ಲವನು ಈ ಭೂಮಿಯ ಮೇಲೆ ನಾನೊಬ್ಬ. ನಾನೂ ಆಡುವಂತಿರಲಿಲ್ಲ.

ಅಂದಿನಿಂದ ಊರು ಅವಳನ್ನು ಬಿಟ್ಟಿತು. ಯಾರೂ ಜಗಳವಾಡಲಿಲ್ಲ, ಸುಮ್ಮನೆ ಮಾತು ನಿಲ್ಲಿಸಿದರು. ರೈಲಿನಲ್ಲಿ ಅವಳ ಪಕ್ಕ ಕೂರುತ್ತಿದ್ದವರು ಬೇರೆ ಬೋಗಿ ಹತ್ತಿದರು. "ಒಳ್ಳೇದೇ ಆಯ್ತು ಬಿಡೋ, ಕೆಮ್ಮು ಅವ್ರಿಗೆ ತಗಲಲ್ಲ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಆಮೇಲಾಮೇಲೆ ಎರಡು ಹೆರಿಗೆಗೆ ಕರೆಯಲೇ ಬರಲಿಲ್ಲವಂತೆ; ನೇರ ಗಾಡಿ ಕಟ್ಟಿ ಆಸ್ಪತ್ರೆಗೆ ಬಂದರು. ಅದನ್ನು ಹೇಳಿದ ದಿನ ಅವಳು ಬುತ್ತಿ ಬಿಚ್ಚಲಿಲ್ಲ.

ದಿನದ ಇಂಜೆಕ್ಷನ್ನುಗಳು ಮುಗಿದವು. ಮೈಗೆ ಸ್ವಲ್ಪ ಮಾಂಸ ಬಂದಿತ್ತು, ಕೆಮ್ಮು ಹೆಚ್ಚುಕಡಿಮೆ ನಿಂತಿತ್ತು. ಮಾತ್ರೆ ಮಾತ್ರ ಇನ್ನೂ ಬಹಳ ಕಾಲ ನುಂಗಬೇಕಿತ್ತು. ಕಫವನ್ನು ಮತ್ತೆ ಕಡೂರಿಗೆ ಒಯ್ದೆ, ಈ ಸಲ ಬೂದಿಯಿಲ್ಲ. ಲ್ಯಾಬಿನವನು ಸ್ಲೈಡನ್ನು ಬಹಳ ಹೊತ್ತು ಅತ್ತಿತ್ತ ಜರುಗಿಸಿ ನೋಡಿ, "ಏನೂ ಇಲ್ಲ" ಎಂದ. ಮತ್ತೊಂದು ಸಲವೂ ಒಯ್ದು ನೋಡಿಸಿದೆವು. ಆಗಲೂ ಏನೂ ಇರಲಿಲ್ಲ. ಇನ್ನು ಯಾರಿಗೂ ತಗಲದು ಎಂದು ಡಾಕ್ಟರೂ ಒಪ್ಪಿದರು.

ಅದನ್ನು ಹೇಳಿದ್ದು ಒಂದು ಸಂತೆ ದಿನ. ಅವಳು ಜಗಲಿಯಲ್ಲಿದ್ದಳು. "ಮಾತ್ರೆ ಬಿಡಬೇಡಿ. ಆದರೆ ಇನ್ನು ಮೇಲೆ ಕೂಸು ಮುಟ್ಟಬಹುದು, ಎತ್ತಿಕೊಳ್ಳಬಹುದು" ಎಂದೆ. ನನಗೆ ಹಬ್ಬ. ಅವಳು ನನ್ನ ಮುಖ ನೋಡಿ, "ಯಾರ ಮನೆ ಕೂಸಪ್ಪಾ?" ಎಂದು ಕೇಳಿದಳು.

ಅಷ್ಟರಲ್ಲಿ ಆ ರೈತ ಬಂದ. ಹೆಂಡತಿ ಆಸ್ಪತ್ರೆಯ ಸಾಲಿನಲ್ಲಿದ್ದಳಂತೆ; ಮಗು ಇವನ ತೋಳಿನಲ್ಲಿತ್ತು. ಮೂಗು ಕಟ್ಟಿ ಕಿರುಚುತ್ತಿತ್ತು, ಕತ್ತು ಹಿಂದಕ್ಕೆ ವಾಲುತ್ತಿತ್ತು, ಅವನಿಗೆ ಹಿಡಿಯಲು ಬರುತ್ತಿರಲಿಲ್ಲ. ಅವಳು ತನಗೇ ಅರಿವಿಲ್ಲದಂತೆ ಎದ್ದು ಎರಡೂ ಕೈ ಚಾಚಿದಳು.

"ಈಗ ಬಂತಾ ಕೈ?" ಎಂದ ಅವನು. "ಹುಟ್ಟೋವಾಗ ಬೇಡವಾಗಿದ್ದ ಕೂಸು ಈಗ ಬೇಕಾಯ್ತಾ? ಏನು ಮಾಡಿದ್ವಿ ನಿಂಗೆ? ಅದಾದ್ರೂ ಹೇಳು. ನಮ್ಮವ್ವ ಇವತ್ತಿಗೂ ಅಳ್ತಾಳೆ, ನಮ್ಮಿಂದ ಏನು ತಪ್ಪಾಯ್ತೋ ಅಂತ."

ನನ್ನ ಪಿತ್ತ ನೆತ್ತಿಗೇರಿತು. "ಲೇ, ನೀನು..." ಎಂದು ಬಾಯಿ ತೆರೆದೆ. ಅವಳು ನನ್ನ ಕಡೆ ಕೈ ಅಡ್ಡ ಮಾಡಿದಳು. ಅವನನ್ನು ಸಿಟ್ಟಿಲ್ಲದೆ ನೋಡಿದಳು.

"ನಿಮ್ಮಿಂದ ಏನೂ ತಪ್ಪಾಗಿಲ್ಲ ಅಂತ ನಿಮ್ಮವ್ವಂಗೆ ಹೇಳು. ನಂಗೆ ಕ್ಷಯ ಆಗಿತ್ತು ಕಣೋ. ಬಂದು ಹಿಡಿದಿದ್ರೆ ನಿನ್ನ ಮಗೂಗೆ ತಗಲ್ತಿತ್ತು. ಅದಕ್ಕೇ ಬಾಗ್ಲು ತೆಗೀಲಿಲ್ಲ. ಒಳ್ಗೆ ಅಗುಳಿ ಹಿಡ್ಕೊಂಡೇ ನಿಂತಿದ್ದೆ, ತೆಗೆದುಬಿಟ್ಟೇನು ಅಂತ. ಈಗ ವಾಸಿಯಾಗೈತೆ, ಬೇಕಾದ್ರೆ ಇವನ್ನ ಕೇಳು."

ಸಂತೆಯ ಜನ ನಿಂತು ನೋಡುತ್ತಿದ್ದರು. ನಾನು "ಹೌದು, ವಾಸಿಯಾಗಿದೆ, ಎರಡು ಸಲ ನೋಡಿಸಿದ್ದೇವೆ" ಎಂದೆ. ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದೆ. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. ಕಣ್ಣಲ್ಲಿ ನೀರು ತುಂಬಿಕೊಂಡಿತು. ತುಂಬಿಕೊಂಡಂತೆಯೇ ಮಗುವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ಮೆಟ್ಟಿಲಿನಿಂದ ಕೆಳಗಿಳಿದ.

ಚಾಚಿದ್ದ ಕೈಗಳನ್ನು ಅವಳು ಸೆರಗಿನೊಳಗೆ ಎಳೆದುಕೊಂಡಳು.

"ಸರಿ ಕಣೋ, ನೀನೇ ಇಟ್ಕೋ. ಕತ್ತಿನ ಕೆಳ್ಗೆ ಕೈ ಕೊಡು, ವಾಲ್ತಾ ಐತೆ" ಎಂದಳು.

ಅವನು ಅಲ್ಲೇ ನಿಂತು, ಅವಳು ಹೇಳಿದಂತೆಯೇ ಮಗುವಿನ ಕತ್ತಿನ ಕೆಳಗೆ ಕೈ ಕೊಟ್ಟ. ಅಳು ನಿಂತಿತು. ಆಮೇಲೆ ಹೊರಟುಹೋದ.